ಅವಧಿ ಕೊಟ್ಟರು, ಫೆಲೋಶಿಪ್ ಕೊಡಲಿಲ್ಲ: ಕೋವಿಡ್ ಕಾಲದ ಸಂಶೋಧಕರು ಈಗ ಎಲ್ಲಿದ್ದಾರೆ?

2020ರ ಮಾರ್ಚ್ ಎರಡನೇ ವಾರ. ನನ್ನ ಗೆಳತಿಯೊಬ್ಬಳು ಬೀಸುವ ಪದಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಧಾರವಾಡದ ಕಡೆಯ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಆ ಪದಗಳನ್ನು ಇನ್ನೂ ನೆನಪಿಟ್ಟುಕೊಂಡಿದ್ದಾರೆ ಅಂತ ಗೊತ್ತಾಗಿ, ಎರಡು ಬಸ್ ಬದಲಿಸಿ ಹೋಗಿದ್ದಳು. ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಹನ್ನೊಂದು ಪದ ಹಾಡಿದರು. ಆಮೇಲೆ ದಣಿವಾಯಿತು. "ಯುಗಾದಿ ಮುಗಿಸ್ಕೊಂಡು ಬಾರವಾ, ಉಳಿದದ್ದು ಆಗ ಹಾಡತೀನಿ" ಅಂದರು. ಇವಳು ರೆಕಾರ್ಡರ್ ಆಫ್ ಮಾಡಿ, ಅವರ ಮನೆಯಲ್ಲೇ ಚಹಾ ಕುಡಿದು ವಾಪಸ್ ಬಂದಳು.

ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಆದ ಮೊದಲ ದಿನ ಅದೇ.

ಸುಮ್ಮನೆ ಕೂರಬಾರದು ಅಂತ ಇವಳು ಫೋನ್‌ನಲ್ಲಿ ಪ್ರಯತ್ನ ಮಾಡಿದಳು. ಮೊಮ್ಮಗ ಮೊಬೈಲ್ ಹಿಡಿದುಕೊಂಡು ಅಜ್ಜಿಯ ಬಾಯಿಯ ಹತ್ತಿರ ಇಡುತ್ತಿದ್ದ. ಅಜ್ಜಿಗೆ ಇವಳ ದನಿ ಸರಿಯಾಗಿ ಕೇಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಬೀಸುವಾಗ ಬರುವ ಪದ ಸುಮ್ಮನೆ ಕೂತರೆ ಬರುವುದಿಲ್ಲ. ಕಲ್ಲು ತಿರುಗಬೇಕು, ಗೂಟ ಹಿಡಿದ ಕೈಗೆ ಆ ಲಯ ಸಿಗಬೇಕು, ಎದುರಿಗೆ ಕೇಳುವವರೊಬ್ಬರು ಇರಬೇಕು. ಎರಡು ಸಾಲು ಹಾಡಿ ಅಜ್ಜಿ ನಿಲ್ಲಿಸಿಬಿಡುತ್ತಿದ್ದರು. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ಅಜ್ಜಿ ತೀರಿಹೋದರು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಕೋವಿಡ್‌ನಿಂದ ಸಂಶೋಧನೆಗೆ ಏನಾಯಿತು ಅಂತ ಕೇಳಿದಾಗ ಜನ ಸಾಮಾನ್ಯವಾಗಿ "ಒಂದಷ್ಟು ತಿಂಗಳು ತಡ ಆಯ್ತು, ಆಮೇಲೆ ಸರಿಹೋಯ್ತು" ಅನ್ನುತ್ತಾರೆ. ಇನ್ನೂ ಕೆಲವರು "ಮನೇಲಿ ಕೂತು ಬರೆಯೋಕೆ ಒಳ್ಳೇ ಸಮಯ ಸಿಕ್ತು ಅಲ್ವಾ?" ಅಂತಲೂ ಕೇಳುತ್ತಾರೆ. ಸಿಕ್ಕಿದವರಿಗೆ ಸಿಕ್ಕಿತು. ದತ್ತಾಂಶ ಎಲ್ಲ ಕೈಯಲ್ಲಿದ್ದು, ಮನೆಯಲ್ಲಿ ಒಂದು ಪ್ರತ್ಯೇಕ ಕೋಣೆ, ಒಳ್ಳೆಯ ಇಂಟರ್ನೆಟ್, ತಿಂಗಳಿಗೆ ತಪ್ಪದ ಸಂಬಳ ಇದ್ದವರು ಆ ವರ್ಷ ನಿಜಕ್ಕೂ ಚೆನ್ನಾಗಿ ಬರೆದರು. ಇದೆಲ್ಲ ಇಲ್ಲದವರಿಗೆ ಆದ ನಷ್ಟ ಮಾತ್ರ ತಿಂಗಳ ಲೆಕ್ಕದಲ್ಲಿ ಮುಗಿಯಲಿಲ್ಲ. ಅವರಿಗೆ ಪಿಎಚ್.ಡಿ. ಮುಗಿಸಲು ಹೆಚ್ಚುವರಿ ಅವಧಿ ಕೊಟ್ಟರು, ಆದರೆ ಆ ಅವಧಿಯಲ್ಲಿ ಬದುಕಲು ಫೆಲೋಶಿಪ್, ಅಂದರೆ ಸಂಶೋಧಕರಿಗೆ ತಿಂಗಳು ತಿಂಗಳು ಸಿಗುವ ದುಡ್ಡು, ಕೊಡಲಿಲ್ಲ. ಅದರ ಬೆಲೆಯನ್ನು ಅವರು ಈಗಲೂ, ಕೆಲಸಕ್ಕೆ ಅರ್ಜಿ ಹಾಕುವಾಗ, ಕಟ್ಟುತ್ತಿದ್ದಾರೆ.

ಮೊದಲು ಯಾರಿಗೆ ಎಷ್ಟು ಪೆಟ್ಟು ಬಿತ್ತು ಅನ್ನೋದನ್ನು ನೋಡೋಣ. ಅಮೆರಿಕ ಮತ್ತು ಯುರೋಪಿನ ವಿಜ್ಞಾನಿಗಳನ್ನು 2020ರ ಏಪ್ರಿಲ್‌ನಲ್ಲೇ ಮಾತನಾಡಿಸಿದ ಒಂದು ಸಮೀಕ್ಷೆ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಬಂತು. ವಾರಕ್ಕೆ ಸರಾಸರಿ 61 ಗಂಟೆ ಕೆಲಸ ಮಾಡುತ್ತಿದ್ದವರು 54 ಗಂಟೆಗೆ ಇಳಿದಿದ್ದರು. ಸರಾಸರಿ ನೋಡಿದರೆ ಅಷ್ಟೇನೂ ದೊಡ್ಡದಲ್ಲ ಅನಿಸುತ್ತದೆ. ಆದರೆ ಲ್ಯಾಬ್ ಮೇಜಿನ ಮುಂದೆ ನಿಂತು ಕೆಲಸ ಮಾಡುವ ಜೀವವಿಜ್ಞಾನ, ರಸಾಯನವಿಜ್ಞಾನದವರ ಸಂಶೋಧನೆಯ ಸಮಯ ಶೇ. 30ರಿಂದ 40ರಷ್ಟು ಕುಸಿದಿತ್ತು. ಗಣಿತ, ಅರ್ಥಶಾಸ್ತ್ರದಂಥ ವಿಷಯದವರಿಗೆ ಅಷ್ಟು ತೊಂದರೆ ಆಗಿರಲಿಲ್ಲ. ಪೆನ್ನು, ಕಂಪ್ಯೂಟರ್ ಇದ್ದರೆ ಅವರ ಕೆಲಸ ಹೇಗೋ ನಡೆಯುತ್ತದೆ.

ಲ್ಯಾಬ್ ಅಂದರೆ ಬಾಗಿಲು ಹಾಕಿ ಹೋಗಿ, ಆರು ತಿಂಗಳ ನಂತರ ತೆರೆದು, ನಿಲ್ಲಿಸಿದಲ್ಲಿಂದ ಶುರು ಮಾಡುವ ಜಾಗ ಅಲ್ಲ. ಬೆಳೆಸುತ್ತಿದ್ದ ಜೀವಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡಬೇಕು. ಆ ಸಾರಜನಕ ಆವಿಯಾಗುತ್ತಲೇ ಇರುತ್ತದೆ, ಯಾರಾದರೂ ಬಂದು ತುಂಬಿಸುತ್ತಿರಬೇಕು. ಪ್ರಯೋಗದ ಇಲಿಗಳಿಗೆ ದಿನವೂ ಮೇವು, ನೀರು ಬೇಕು. ನೋಡಿಕೊಳ್ಳುವ ಜನರೇ ಇಲ್ಲದಾಗ ಜಗತ್ತಿನ ಎಷ್ಟೋ ಲ್ಯಾಬ್‌ಗಳು ವರ್ಷಗಟ್ಟಲೆ ಸಾಕಿ ತಳಿ ಮಾಡಿದ ಇಲಿಗಳನ್ನು ಕೊಂದುಹಾಕಬೇಕಾಯಿತು. ಬಾಗಿಲು ತೆರೆದ ಮೇಲೂ ಸಾಮಾನು ಇಲ್ಲ. ಕೈಗವಸು, ಪಿಪೆಟ್ ಟಿಪ್ಪು, ಪಿಸಿಆರ್‌ಗೆ ಬೇಕಾದ ಕಿಣ್ವ, ಎಲ್ಲವೂ ಕೋವಿಡ್ ಪರೀಕ್ಷೆಗೇ ಹೋಗುತ್ತಿತ್ತು. ಹೋಗಲೇಬೇಕಿತ್ತು, ಅದು ತಪ್ಪಲ್ಲ. ಆದರೆ ನಮ್ಮಲ್ಲಿ ಹೊರದೇಶದಿಂದ ಡ್ರೈ ಐಸ್‌ನಲ್ಲಿ ಬರುವ ಒಂದು ರಾಸಾಯನಿಕಕ್ಕಾಗಿ ಮೊದಲೇ ತಿಂಗಳುಗಟ್ಟಲೆ ಕಾಯುವ ವಿದ್ಯಾರ್ಥಿಗೆ ಆ ಎರಡು ವರ್ಷ ಹೇಗಿತ್ತು ಅಂತ ಯೋಚನೆ ಮಾಡಿ.

ಫೀಲ್ಡ್‌ನವರ ಕಥೆ ಇನ್ನೊಂದು ಥರ. ಅವರಿಗೆ ತಿಂಗಳು ಅನ್ನೋ ಅಳತೆಯೇ ಇಲ್ಲ, ಹಂಗಾಮು ಇರೋದು. ಪಶ್ಚಿಮಘಟ್ಟದ ಕಪ್ಪೆಗಳು ಮಳೆಗಾಲದಲ್ಲಿ ಕೂಗುತ್ತವೆ, ಮೊಟ್ಟೆ ಇಡುತ್ತವೆ. ಜೂನ್‌ನಲ್ಲಿ ಕಾಡಿಗೆ ಹೋಗಲು ಅನುಮತಿ ಸಿಗದೆ ಅಕ್ಟೋಬರ್‌ನಲ್ಲಿ ಸಿಕ್ಕರೆ, ನಾಲ್ಕು ತಿಂಗಳು ಹೋಯಿತು ಅಂತ ಲೆಕ್ಕ ಹಾಕುವ ಹಾಗಿಲ್ಲ. ಒಂದು ವರ್ಷ ಹೋಯಿತು ಅಂತಲೇ ಅರ್ಥ. ಕೃಷಿ ವಿಶ್ವವಿದ್ಯಾಲಯದಲ್ಲಿ ಬೆಳೆಯ ಮೇಲೆ ಪ್ರಯೋಗ ಮಾಡುವವರಿಗೆ ಸಾಮಾನ್ಯವಾಗಿ ಎರಡು ಹಂಗಾಮಿನ ಲೆಕ್ಕ ಬೇಕು. ಒಂದು ಮುಂಗಾರು ತಪ್ಪಿದರೆ ಮುಂದಿನ ಮುಂಗಾರಿಗೇ ಕಾಯಬೇಕು, ನಡುವೆ ಏನೂ ಮಾಡುವಂತಿಲ್ಲ. ಜಾತ್ರೆ, ಆಚರಣೆಗಳ ಮೇಲೆ ಕೆಲಸ ಮಾಡುವವರಿಗೂ ಹಾಗೇ. 2020ರಲ್ಲಿ ಜಾತ್ರೆ ಇಲ್ಲ, 2021ರಲ್ಲೂ ಜಾಸ್ತಿ ಕಡೆ ಇಲ್ಲ. ಮತ್ತೆ ತೇರು ಎಳೆಯುವ ಹೊತ್ತಿಗೆ, ಆ ಆಚರಣೆಯ ಒಳಗುಟ್ಟು ಬಲ್ಲ ಹಿರಿಯರಲ್ಲಿ ಎಷ್ಟೋ ಜನ ಇರಲಿಲ್ಲ. ವಿಷಯ ಹೇಳಿಕೊಡುವ ಹಿರಿಯರನ್ನೂ ಕಳೆದುಕೊಂಡೆವು. ಗ್ರಾಮದೇವತೆಗಳ ಬಗ್ಗೆ ಸಂಶೋಧನೆ ಮಾಡಿದ್ದ ಕವಿ ಸಿದ್ದಲಿಂಗಯ್ಯನವರು 2021ರ ಜೂನ್ 11ರಂದು ಕೋವಿಡ್‌ನಿಂದಲೇ ಹೋದರು.

ಈ ನಷ್ಟ ಆಗಲೇ ಯಾಕೆ ಎದ್ದು ಕಾಣಲಿಲ್ಲ? ಪತ್ರಿಕೆಗಳಲ್ಲಿ ಅಚ್ಚಾದ ಸಂಶೋಧನಾ ಪ್ರಬಂಧಗಳ ಸಂಖ್ಯೆ ನೋಡಿದರೆ ಆ ವರ್ಷ ಇಳಿಯುವ ಬದಲು ಏರಿತ್ತು. ಮೊದಲೇ ಮಾಡಿಟ್ಟಿದ್ದ ಕೆಲಸವನ್ನು ಜನ ಮನೆಯಲ್ಲಿ ಕೂತು ಬರೆದು ಕಳಿಸಿದರು. ಅದರ ಜೊತೆಗೆ ಕೋವಿಡ್ ಬಗ್ಗೆಯೇ ರಾಶಿ ರಾಶಿ ಪ್ರಬಂಧ ಬಂದವು. ಆದರೆ 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್'ನಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆ ಪ್ರಶ್ನೆ ಕೇಳಿತು: ಈ ವರ್ಷ ಹೊಸದಾಗಿ ಎಷ್ಟು ಕೆಲಸ ಶುರು ಮಾಡಿದಿರಿ? ಕೋವಿಡ್ ಬಿಟ್ಟು ಬೇರೆ ವಿಷಯದ ಮೇಲೆ ಕೆಲಸ ಮಾಡುವವರಲ್ಲಿ ಹೊಸ ಯೋಜನೆಗಳು 2019ಕ್ಕೆ ಹೋಲಿಸಿದರೆ ಶೇ. 36ರಷ್ಟು ಕಮ್ಮಿಯಾಗಿದ್ದವು. ನನ್ನ ಪ್ರಕಾರ ಇಡೀ ವಿಷಯದ ತಿರುಳು ಈ ಒಂದು ಅಂಕಿಯಲ್ಲಿದೆ. ಕಣಜದಲ್ಲಿ ಹಳೆಯ ಕಾಳು ಇದ್ದಾಗ ಈ ವರ್ಷ ಬಿತ್ತನೆ ಆಗಿಲ್ಲ ಅನ್ನೋದು ಊಟದ ಎಲೆಯಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕಣಜ ಖಾಲಿಯಾದಾಗ. ಸಂಶೋಧನೆಯಲ್ಲಿ ಬಿತ್ತನೆಯಿಂದ ಒಕ್ಕಣೆಗೆ ಮೂರರಿಂದ ಐದು ವರ್ಷ ಹಿಡಿಯುತ್ತದೆ. 2020ರಲ್ಲಿ ಶುರುವಾಗದ ಕೆಲಸದ ಕೊರತೆ ಸಂಶೋಧಕರ ಬಯೋಡೇಟಾದಲ್ಲಿ ಕಾಣಿಸುವುದು 2023, 24, 25ರಲ್ಲಿ. ಅಷ್ಟು ಹೊತ್ತಿಗೆ ಆಯ್ಕೆ ಸಮಿತಿಯಲ್ಲಿ ಕೂತವರು ಕೋವಿಡ್ ಅನ್ನೋದನ್ನು ಮರೆತಿರುತ್ತಾರೆ.

ನನ್ನ ಗೆಳತಿಗೆ ಒಂದು ಸಂದರ್ಶನದಲ್ಲಿ ಇದೇ ಆಯಿತು. "2020ರಿಂದ 22ರವರೆಗೆ ಒಂದೂ ಪ್ರಬಂಧ ಇಲ್ವಲ್ಲಮ್ಮ, ಯಾಕೆ?" ಅಂತ ಕೇಳಿದರು. ಇವಳು ಹೇಳಿದಳು. "ಸರಿ" ಅಂತ ಮುಂದಿನ ಪ್ರಶ್ನೆಗೆ ಹೋದರು.

ಈಗ ಅವಧಿ ಮತ್ತು ದುಡ್ಡಿನ ವಿಷಯ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2020ರಲ್ಲಿ ಥೀಸಿಸ್ (ಪಿಎಚ್.ಡಿ. ಮಹಾಪ್ರಬಂಧ) ಸಲ್ಲಿಸಲು ಆರು ತಿಂಗಳು ಹೆಚ್ಚುವರಿ ಅವಧಿ ಕೊಟ್ಟಿತು. ಕೊನೆಯ ಮೌಖಿಕ ಪರೀಕ್ಷೆಯಾದ ವೈವಾವನ್ನು ವಿಡಿಯೊ ಮೂಲಕ ನಡೆಸಲು ಒಪ್ಪಿತು. ಆಮೇಲೂ ಆ ಅವಧಿಯನ್ನು ಹಂತ ಹಂತವಾಗಿ ಮುಂದಕ್ಕೆ ಹಾಕುತ್ತಾ ಹೋಯಿತು. ಇದು ಒಳ್ಳೆಯ ಕೆಲಸ, ಇಲ್ಲ ಅನ್ನುವುದಿಲ್ಲ. ಎಷ್ಟೋ ಜನರ ನೋಂದಣಿ ಉಳಿಯಿತು. ಆದರೆ ಅವಧಿ ಹೆಚ್ಚಿಸಿ ಯುಜಿಸಿ ಬರೆದ ಪತ್ರದಲ್ಲೇ ಇನ್ನೊಂದು ಸಾಲು ಇತ್ತು: ಫೆಲೋಶಿಪ್ ಅವಧಿ ಮಾತ್ರ ಐದು ವರ್ಷವೇ. ಅಂದರೆ ಥೀಸಿಸ್ ಬರೆಯಲು ಇನ್ನೂ ಒಂದು ವರ್ಷ ತಗೋ, ಆದರೆ ಆ ವರ್ಷ ಹಾಸ್ಟೆಲ್ ಬಾಡಿಗೆ, ಮೆಸ್ ಬಿಲ್, ಮನೆಗೆ ಕಳಿಸುವ ದುಡ್ಡು ಎಲ್ಲ ನೀನೇ ನೋಡ್ಕೋ.

ಆಗ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಮೊತ್ತ ತಿಂಗಳಿಗೆ 31,000 ರೂಪಾಯಿ. ಫೆಲೋಶಿಪ್‌ನಲ್ಲಿ ಎರಡು ವರ್ಷ ಮುಗಿಸಿದವರಿಗೆ 35,000. ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲ ಸಲ ಡಿಗ್ರಿ ಮುಟ್ಟಿದ ಹುಡುಗ ಹುಡುಗಿಯರಿಗೆ ಇದು ಬರೀ ಓದಿನ ಖರ್ಚಲ್ಲ. ತಂಗಿಯ ಫೀಸು, ಅಪ್ಪನ ಔಷಧಿ, ಮನೆಯ ಸಾಲದ ಕಂತು ಎಲ್ಲ ಅದರಲ್ಲೇ ನಡೆಯುತ್ತದೆ. ಫೆಲೋಶಿಪ್ ನಿಂತ ಮರುದಿನವೇ ಅವರು ಬೇರೆ ಕೆಲಸ ಹುಡುಕಬೇಕು. ಮನೆ ಕಡೆ ಅನುಕೂಲ ಇದ್ದವರು ಹೆಚ್ಚುವರಿ ಅವಧಿಯನ್ನು ಪೂರ್ತಿ ಬಳಸಿಕೊಂಡು ಒಳ್ಳೆಯ ಥೀಸಿಸ್ ಬರೆದರು. ಇಲ್ಲದವರು ಕಾಲೇಜಿನಲ್ಲಿ ಪಾಠ ಮಾಡಿ ಬಂದು ರಾತ್ರಿ ಬರೆದರು, ಇಲ್ಲವೇ ಬರೆಯುವುದನ್ನೇ ಬಿಟ್ಟರು. ಆದೇಶ ಎಲ್ಲರಿಗೂ ಒಂದೇ ಆಗಿತ್ತು, ಬಳಸಿಕೊಳ್ಳುವ ಶಕ್ತಿ ಒಂದೇ ಆಗಿರಲಿಲ್ಲ. ಹಾಗಾಗಿ ಮೊದಲೇ ಇದ್ದ ಅಂತರ ಇನ್ನೂ ಅಗಲವಾಯಿತು.

ಬ್ರಿಟನ್‌ನಲ್ಲಿ ಏನು ಮಾಡಿದರು ನೋಡಿ. ಅಲ್ಲಿನ ಸಂಶೋಧನಾ ಅನುದಾನ ಸಂಸ್ಥೆ ಯುಕೆಆರ್‌ಐ, 2020ರ ಏಪ್ರಿಲ್‌ನಲ್ಲೇ, ಕೊನೆಯ ವರ್ಷದಲ್ಲಿದ್ದ ತನ್ನ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಆರು ತಿಂಗಳವರೆಗೆ ಅವಧಿಯನ್ನೂ ಸ್ಟೈಫಂಡನ್ನೂ (ತಿಂಗಳ ಖರ್ಚಿನ ದುಡ್ಡು) ಸೇರಿಸಿಯೇ ಕೊಟ್ಟಿತು. ನವೆಂಬರ್‌ನಲ್ಲಿ ಇನ್ನೂ 1.9 ಕೋಟಿ ಪೌಂಡ್ ತೆಗೆದಿಟ್ಟಿತು. ಉಳಿದವರಿಗೆ "ನಿಮ್ಮ ವಿಷಯವನ್ನೇ ಸ್ವಲ್ಪ ಬದಲಿಸಿಕೊಳ್ಳಿ" ಅಂತ ಹೇಳಿದ್ದಕ್ಕೆ ಅಲ್ಲಿಯೂ ಸಿಟ್ಟು ಬಂತು, ಅದು ನ್ಯಾಯವಾದ ಸಿಟ್ಟೇ. ಆದರೂ ಅವಧಿ ಅಂದರೆ ದುಡ್ಡು ಅನ್ನೋದನ್ನು ಅವರು ಒಪ್ಪಿಕೊಂಡರು. ನಾವು ಒಪ್ಪಿಕೊಳ್ಳಲಿಲ್ಲ.

ಇದೆಲ್ಲ ಫೆಲೋಶಿಪ್ ಇದ್ದವರ ಮಾತು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಯಾವ ಫೆಲೋಶಿಪ್ಪೂ ಇಲ್ಲದೆ, ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಲೇ ಪಿಎಚ್.ಡಿ. ಮಾಡುವವರು ಎಷ್ಟು ಜನ ಇಲ್ಲ! ಸರ್ಕಾರಿ ಪದವಿ ಕಾಲೇಜುಗಳಲ್ಲಿ ಆಗ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11ರಿಂದ 13 ಸಾವಿರ. ಲಾಕ್‌ಡೌನ್‌ನಲ್ಲಿ ತರಗತಿ ಇಲ್ಲ, ಹಾಗಾಗಿ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಅದೂ ಬರಲಿಲ್ಲ. ಪಾಠ ಹೇಳುವವರು ನರೇಗಾ ಕೂಲಿಗೆ ಹೋದ ಸುದ್ದಿಗಳನ್ನು ಆಗ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಗೌರವಧನ ಗಟ್ಟಿಯಾಗಿ ಏರಿದ್ದು 2022ರ ಜನವರಿಯಲ್ಲಿ, ಅದೂ ವಾರಗಟ್ಟಲೆ ಪ್ರತಿಭಟನೆ ಮಾಡಿದ ಮೇಲೆ. ಹೊಟ್ಟೆಯ ಚಿಂತೆ ಅಷ್ಟಿರುವಾಗ ಥೀಸಿಸ್‌ನ ಮೂರನೇ ಅಧ್ಯಾಯ ಯಾರಿಗೆ ನೆನಪಾಗುತ್ತದೆ ಹೇಳಿ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಎಲ್ಸೆವಿಯರ್ ಪ್ರಕಾಶನದ ಎಲ್ಲ ಪತ್ರಿಕೆಗಳಿಗೆ 2018ರಿಂದ 2020ರವರೆಗೆ, ಪ್ರತಿ ವರ್ಷ ಫೆಬ್ರವರಿಯಿಂದ ಮೇವರೆಗೆ ಬಂದ ಹಸ್ತಪ್ರತಿಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ನಡೆಯಿತು. 50 ಲಕ್ಷಕ್ಕೂ ಹೆಚ್ಚು ಲೇಖಕರು ಮತ್ತು ಪ್ರಬಂಧ ಪರಿಶೀಲಿಸುವವರ ಮಾಹಿತಿ ಅದರಲ್ಲಿತ್ತು. ಮೊದಲ ಅಲೆಯಲ್ಲಿ ಗಂಡಸರಿಗೆ ಹೋಲಿಸಿದರೆ ಹೆಂಗಸರು ಕಳಿಸಿದ ಪ್ರಬಂಧಗಳ ಪ್ರಮಾಣ ಕಮ್ಮಿಯಾಗಿತ್ತು. ಅದರಲ್ಲೂ ಈಗಷ್ಟೇ ವೃತ್ತಿಗೆ ಬಂದ ಹೆಂಗಸರಲ್ಲಿ ಈ ಕೊರತೆ ಜಾಸ್ತಿ. ಕಾರಣಕ್ಕೆ ದೂರ ಹೋಗಬೇಕಿಲ್ಲ. ಮಕ್ಕಳ ಶಾಲೆ ಮನೆಗೇ ಬಂತು, ಕೆಲಸದವರು ಬರುವುದು ನಿಂತಿತು, ಅತ್ತೆ ಮಾವನ ಆರೋಗ್ಯದ ಹೊಣೆ ಬಿತ್ತು. ಮನೆಯಲ್ಲಿ ಇರುವ ಒಂದೇ ಲ್ಯಾಪ್‌ಟಾಪ್ ಮೊದಲು ಗಂಡನ ಮೀಟಿಂಗಿಗೆ, ಆಮೇಲೆ ಮಗುವಿನ ಕ್ಲಾಸಿಗೆ, ಕೊನೆಗೆ ರಾತ್ರಿ ಹತ್ತರ ನಂತರ ಇವಳ ಥೀಸಿಸ್‌ಗೆ. ಮದುವೆ ಆಗದವರ ಪಾಡು ಇನ್ನೊಂದು. ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋದ ಹುಡುಗಿಗೆ ಮನೆಯವರು ಗಂಡು ನೋಡಲು ಶುರು ಮಾಡಿದರು. "ಹೆಂಗೂ ಕಾಲೇಜು ಮುಚ್ಚಿದೆಯಲ್ಲ" ಅಂತ. ಹಾಗೆ ಹೋಗಿ ಮತ್ತೆ ವಾಪಸ್ ಬರದೇ ಇದ್ದವರು ನನಗೆ ಗೊತ್ತಿರುವವರಲ್ಲೇ ಇಬ್ಬರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲರಿಗೂ ಒಂದೇ ಥರ ಅವಧಿ ವಿಸ್ತರಿಸಿದರೆ ನ್ಯಾಯ ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅಮೆರಿಕದ ದೊಡ್ಡ ಅರ್ಥಶಾಸ್ತ್ರ ವಿಭಾಗಗಳಲ್ಲಿ ಮಗು ಹುಟ್ಟಿದಾಗ ತಾಯಿಗೂ ತಂದೆಗೂ ಸಮನಾಗಿ ಒಂದು ವರ್ಷ ಹೆಚ್ಚುವರಿ ಕೊಡುವ ಪದ್ಧತಿ ಬಂದಿತ್ತು, ಕೆಲಸ ಕಾಯಂ ಆಗಲು ಬೇಕಾದ ಅವಧಿಗೆ. ಅದರ ಪರಿಣಾಮ ಏನಾಯಿತು ಅಂತ 2018ರಲ್ಲಿ ಒಂದು ಅಧ್ಯಯನ ಬಂತು. ಗಂಡಸರು ಕಾಯಂ ಆಗುವುದು ಹೆಚ್ಚಿತು, ಹೆಂಗಸರು ಕಾಯಂ ಆಗುವುದು ಕಮ್ಮಿಯಾಯಿತು! ಆ ಒಂದು ವರ್ಷದಲ್ಲಿ ಗಂಡಸರು ಇನ್ನೊಂದು ಪ್ರಬಂಧ ಬರೆದರು, ಹೆಂಗಸರು ಮಗು ನೋಡಿಕೊಂಡರು. ಕೋವಿಡ್ ಬಂದಾಗ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಇದೇ ಒಂದು ವರ್ಷವನ್ನು ಎಲ್ಲರಿಗೂ ಕೊಟ್ಟವು. ನಮ್ಮ ಯುಜಿಸಿ ಆರು ತಿಂಗಳು, ಆರು ತಿಂಗಳು ಅಂತ ಕೊಟ್ಟದ್ದೂ ಅದೇ ಅಚ್ಚಿನಲ್ಲಿ.

ಇದರ ಮಧ್ಯೆ ಪರೀಕ್ಷೆಗಳು. ಅಧ್ಯಾಪಕ ಹುದ್ದೆಗೂ ಜೆಆರ್‌ಎಫ್‌ಗೂ ಅರ್ಹತೆ ಕೊಡುವ ನೆಟ್ ಪರೀಕ್ಷೆ ನೋಡಿ: 2020ರ ಡಿಸೆಂಬರ್‌ನದು 2021ರ ಜೂನ್‌ನದರ ಜೊತೆ ಸೇರಿಹೋಯಿತು, ಅದೂ ನಡೆದದ್ದು 2021ರ ನವೆಂಬರ್‌ನಿಂದ. ವರ್ಷಕ್ಕೆ ಎರಡು ಸಿಗಬೇಕಾದ ಅವಕಾಶ ಒಂದಾಯಿತು. ಅದಕ್ಕಿಂತ ಜಾಸ್ತಿ ಗೊಂದಲ ಮಾಡಿದ್ದು ನಿಯಮಗಳು. 2021ರ ಜುಲೈನಿಂದ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಅಂತ ಇತ್ತು. ಕೋವಿಡ್ ಕಾರಣಕ್ಕೆ ಅದನ್ನು 2023ರ ಜುಲೈಗೆ ಮುಂದೂಡಿದರು. 2023ರ ಜುಲೈ ಬಂದಾಗ ಕಡ್ಡಾಯವನ್ನೇ ತೆಗೆದರು, ನೆಟ್ ಅಥವಾ ರಾಜ್ಯ ಮಟ್ಟದ ಸೆಟ್ ಸಾಕು ಅಂದರು. ಕಡ್ಡಾಯ ತೆಗೆದದ್ದು ನನಗೆ ಸರಿ ಅಂತಲೇ ಅನಿಸುತ್ತದೆ. ಆದರೆ ಆ ಗಡುವಿಗೆ ಹೆದರಿ, ಮಾಡಬೇಕಾದ ಕೆಲಸ ಅರ್ಧಕ್ಕೇ ಬಿಟ್ಟು, ಸಿಕ್ಕಷ್ಟು ದತ್ತಾಂಶದಲ್ಲಿ ಥೀಸಿಸ್ ಕಟ್ಟಿ ಸಲ್ಲಿಸಿದವರು ಇದ್ದಾರಲ್ಲ, ಅವರಿಗೆ ಆ ಥೀಸಿಸ್ಸೇ ಜೀವನಪೂರ್ತಿ ಗುರುತಿನ ಚೀಟಿ.

ಕಡ್ಡಾಯ ಅಲ್ಲದಿದ್ದರೂ ಅಂಕ ಇದ್ದೇ ಇದೆ. ಯುಜಿಸಿಯ 2018ರ ನಿಯಮದಲ್ಲಿ, ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅನ್ನೋದಕ್ಕೆ ಒಂದು ಅಂಕಪಟ್ಟಿ ಇದೆ. ಪಿಎಚ್.ಡಿ.ಗೆ 30 ಅಂಕ. ಒಂದು ಪ್ರಬಂಧಕ್ಕೆ 2 ಅಂಕ. ಪಾಠ ಮಾಡಿದ ಅಥವಾ ಪೋಸ್ಟ್‌ಡಾಕ್ (ಪಿಎಚ್.ಡಿ. ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ) ಮಾಡಿದ ಒಂದೊಂದು ವರ್ಷಕ್ಕೆ 2 ಅಂಕ. ಎರಡು ವರ್ಷ ತಡವಾದ ಒಬ್ಬರನ್ನು ಈ ಪಟ್ಟಿಯ ಮುಂದೆ ನಿಲ್ಲಿಸಿ ನೋಡಿ. ಥೀಸಿಸ್ ಇನ್ನೂ ಸಲ್ಲಿಸಿಲ್ಲ ಅಂದರೆ 30ಕ್ಕೆ ಸೊನ್ನೆ. ಸಲ್ಲಿಸಿದ್ದರೂ ಎರಡು ಪ್ರಬಂಧ ಕಮ್ಮಿ, ಎರಡು ವರ್ಷದ ಅನುಭವ ಕಮ್ಮಿ. ಒಂದೆರಡು ಅಂಕದಲ್ಲಿ ಹಣೆಬರಹ ನಿರ್ಧಾರ ಆಗುವ ಕಡೆ ಎಂಟು ಅಂಕ ಹಿಂದೆ. ಇದರ ಮೇಲೆ ವಯಸ್ಸು. ಐಐಟಿಗಳ ಸಹಾಯಕ ಪ್ರಾಧ್ಯಾಪಕರ ಜಾಹೀರಾತುಗಳಲ್ಲಿ "35 ವರ್ಷದೊಳಗಿನವರಿಗೆ ಆದ್ಯತೆ" ಅನ್ನುವ ಸಾಲು ಸಾಮಾನ್ಯ. ನಮ್ಮ ರಾಜ್ಯದಲ್ಲಿ ಪದವಿ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದು 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಸಿದರು. ಇಂಥ ನೇಮಕಾತಿ ನಮ್ಮಲ್ಲಿ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಕೋವಿಡ್ ಗಲಾಟೆಯಲ್ಲಿ ಆ ಒಂದು ಬಸ್ ತಪ್ಪಿಸಿಕೊಂಡವರು ಇನ್ನೂ ನಿಲ್ದಾಣದಲ್ಲೇ ಇದ್ದಾರೆ.

ಹೊರದೇಶಕ್ಕೆ ಹೊರಟಿದ್ದವರದ್ದೂ ಬೇರೆ ಕಥೆಯಲ್ಲ. ಆಸ್ಟ್ರೇಲಿಯಾ 2020ರ ಮಾರ್ಚ್‌ನಲ್ಲಿ ಮುಚ್ಚಿದ ಗಡಿಯನ್ನು ಬೇರೆ ದೇಶದ ವಿದ್ಯಾರ್ಥಿಗಳಿಗೆ ತೆರೆದದ್ದು 2021ರ ಡಿಸೆಂಬರ್ 15ಕ್ಕೆ. ಹೆಚ್ಚುಕಡಿಮೆ 21 ತಿಂಗಳು. ಪೋಸ್ಟ್‌ಡಾಕ್‌ಗಳನ್ನು 'ನೇಚರ್' ಪತ್ರಿಕೆ 2020ರಲ್ಲಿ ಕೇಳಿದಾಗ 7,670 ಜನ ಉತ್ತರಿಸಿದರು, ಅವರಲ್ಲಿ ಶೇ. 61ರಷ್ಟು ಮಂದಿ ಕೋವಿಡ್‌ನಿಂದ ತಮ್ಮ ವೃತ್ತಿಗೆ ಪೆಟ್ಟು ಬಿದ್ದಿದೆ ಅಂದರು.

ಒಳ್ಳೆಯದೂ ಒಂದಿಷ್ಟು ಆಯಿತು. ರೈಲು ಖರ್ಚಿಲ್ಲದೆ ಊರಲ್ಲೇ ಕೂತು ದೊಡ್ಡ ವಿದ್ವಾಂಸರ ಮಾತು ಕೇಳಲು ಸಿಕ್ಕಿತು. ವೈವಾಕ್ಕೆ ದೂರದ ಪರೀಕ್ಷಕರು ಬರುವವರೆಗೆ ಕಾಯುವುದು ತಪ್ಪಿತು. ಅದನ್ನು ಉಳಿಸಿಕೊಳ್ಳಬೇಕು.

"ಕೋವಿಡ್ ಎಲ್ಲರಿಗೂ ಬಂತು, ಇವರಿಗೇನು ವಿಶೇಷ?" ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕೂಲಿಯವರು, ಸಣ್ಣ ಅಂಗಡಿಯವರು ಪಟ್ಟ ಪಾಡಿನ ಮುಂದೆ ಇದು ದೊಡ್ಡದು ಅಂತ ನಾನು ಹೇಳುವುದಿಲ್ಲ. ಆದರೆ ಈ ವೃತ್ತಿಯಲ್ಲಿ ಗಡಿಯಾರ ಕಟ್ಟಿಕೊಂಡೇ ಎಲ್ಲ ನಡೆಯುತ್ತದೆ. ಫೆಲೋಶಿಪ್‌ಗೆ ಐದು ವರ್ಷ, ನೋಂದಣಿಗೆ ಆರು ವರ್ಷ, ಕೆಲಸಕ್ಕೆ ವಯಸ್ಸಿನ ಮಿತಿ. ಗಡಿಯಾರ ಇಟ್ಟವರು ಸರ್ಕಾರ ಮತ್ತು ಸಂಸ್ಥೆಗಳು. ಲ್ಯಾಬ್, ಹಾಸ್ಟೆಲ್, ಪತ್ರಾಗಾರಗಳಿಗೆ ಬೀಗ ಹಾಕಿದವರೂ ಅವರೇ. ಬೀಗ ಹಾಕುವುದು ಆಗ ಅನಿವಾರ್ಯವಾಗಿತ್ತು, ಒಪ್ಪೋಣ. ಬೀಗ ಹಾಕಿದ ದಿನ ಗಡಿಯಾರವನ್ನೂ ನಿಲ್ಲಿಸಬೇಕಿತ್ತು.

ಈಗಲೂ ಮಾಡಬಹುದಾದದ್ದು ಇದೆ. ಯುರೋಪಿನ ಸಂಶೋಧನಾ ಮಂಡಳಿ ಯುವ ಸಂಶೋಧಕರಿಗೆ ಅನುದಾನ ಕೊಡುವಾಗ ಹುಟ್ಟಿದ ವರ್ಷ ಕೇಳುವುದಿಲ್ಲ, ಪಿಎಚ್.ಡಿ. ಆಗಿ ಎಷ್ಟು ವರ್ಷ ಅಂತ ನೋಡುತ್ತದೆ, ತಾಯಂದಿರಿಗೆ ಒಂದೊಂದು ಮಗುವಿಗೂ 18 ತಿಂಗಳು ಬಿಟ್ಟುಕೊಡುತ್ತದೆ. ನಮ್ಮಲ್ಲೂ 2020 ಮತ್ತು 21ರಲ್ಲಿ ಸಂಶೋಧನೆಯಲ್ಲಿದ್ದವರಿಗೆ ನೇಮಕಾತಿ ಮತ್ತು ಅನುದಾನದ ವಯೋಮಿತಿಯಲ್ಲಿ ಎರಡು ವರ್ಷ ಬಿಡಬಹುದು. ಅರ್ಜಿ ನಮೂನೆಯಲ್ಲಿ ಆ ಎರಡು ವರ್ಷ ಏನಾಯಿತು ಅಂತ ಬರೆಯಲು ಅರ್ಧ ಪುಟ ಕೊಡಬಹುದು, ಆಯ್ಕೆ ಸಮಿತಿ ಅದನ್ನು ಓದಲೇಬೇಕು ಅಂತ ನಿಯಮ ಮಾಡಬಹುದು. ಬರೆಯದೆ ಬಿಟ್ಟುಹೋದವರಿಗೆ ಮರುನೋಂದಣಿ, ಜೊತೆಗೆ ಮುಗಿಸಲು ಒಂದು ವರ್ಷದ ಸ್ಟೈಫಂಡ್ ಕೊಡಬಹುದು. ಈ ಕೊನೆಯದಕ್ಕೆ ಮಾತ್ರ ದುಡ್ಡು ಬೇಕು, ಉಳಿದದ್ದಕ್ಕೆ ಒಂದು ಸುತ್ತೋಲೆ ಸಾಕು.

ನನ್ನ ಗೆಳತಿಯ ಫೆಲೋಶಿಪ್ 2023ರಲ್ಲಿ ನಿಂತಿತು. ಹನ್ನೊಂದು ಪದ ಇಟ್ಟುಕೊಂಡು ಮೊದಲು ಅಂದುಕೊಂಡ ಥೀಸಿಸ್ ಬರೆಯಲು ಆಗುವುದಿಲ್ಲ. ವಿಷಯ ಬದಲಿಸಿ, ಈಗಾಗಲೇ ಅಚ್ಚಾದ ಜನಪದ ಸಂಗ್ರಹಗಳ ಮೇಲೆ ಬರೆದು 2024ರಲ್ಲಿ ಸಲ್ಲಿಸಿದಳು. ಅಜ್ಜಿಯ ಪದಗಳು ಅದರಲ್ಲಿ ಅನುಬಂಧವಾಗಿ ಇವೆ. ಅತಿಥಿ ಉಪನ್ಯಾಸಕಿಯಾಗಿ ವಾರಕ್ಕೆ ಹದಿನೈದು ಗಂಟೆ ಪಾಠ ಮಾಡುತ್ತಾಳೆ, ಈಗ ಅವಳಿಗೆ 35. ಕಳೆದ ಸಲ ಅರ್ಜಿ ಹಾಕುವಾಗ, ಯಾರೂ ಕೇಳದಿದ್ದರೂ, 2020ರ ಮಾರ್ಚ್‌ನಿಂದ 2021ರ ಮೇವರೆಗೆ ಏನಾಯಿತು ಅಂತ ಒಂದು ಹಾಳೆಯಲ್ಲಿ ಬರೆದು, ಬಯೋಡೇಟಾದ ಹಿಂದೆ ಪಿನ್ ಹೊಡೆದು ಕಳಿಸಿದಳು. ಅಲ್ಲಿಂದ ಇನ್ನೂ ಉತ್ತರ ಬಂದಿಲ್ಲ.